ರೊಟ್ಟಿಗೆ ಕೊನೆಯ ಪಾಳಿ

ತೂಕ ಇಳಿಸೋಕೆ ಜಠರ ಚಿಕ್ಕದು ಮಾಡೋ ಸ್ಲೀವ್ ಆಪರೇಷನ್ ಆಗಿ ಎಂಟು ತಿಂಗಳು. ಜಠರದ ಸುಮಾರು ಶೇಕಡಾ 80ರಷ್ಟು ತೆಗೆದ ಮೇಲೆ ಊಟ ಕಡಿಮೆ ಆಗೋದು ಗೊತ್ತಿತ್ತು. ಆದರೆ ವಿಜಯಪುರದಲ್ಲಿ ಅತ್ತೆಗೆ ಇದನ್ನು ಹೇಳೋದು ಹೇಗೆ?

ಇವತ್ತು ಮೊದಲು ಮಡಿಕೆಕಾಳಿನ ಪಲ್ಯ, ಗಟ್ಟಿ ಮೊಸರು. ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಆಗಬೇಕಲ್ವಾ, ಅದಕ್ಕೇ ರೊಟ್ಟಿಗೆ ಕೊನೆಯ ಪಾಳಿ. ಬಿಸಿ ಜೋಳದ ರೊಟ್ಟಿಯ ಕಾಲು ಭಾಗ ಮುರಿದು, ಒಂದೊಂದು ತುತ್ತನ್ನೂ ಹಿಟ್ಟಾಗುವಷ್ಟು ಅಗಿದೆ. ಅಷ್ಟರಲ್ಲೇ ಎದೆಯ ಕೆಳಗೆ ಬಿಗಿ. ಸಾಕು. ಹಿಂದೆ ನಾಲ್ಕು ರೊಟ್ಟಿ ಲೆಕ್ಕಕ್ಕೇ ಇರಲಿಲ್ಲ.

"ಯಾಕವಾ, ಪಲ್ಯಾ ಚಲೋ ಆಗಿಲ್ಲೇನು?" ಅಂದರು ಅತ್ತೆ.

ವಿಚಿತ್ರ ನೋಡಿ, ರೊಟ್ಟಿಗೆ ಬೇಡ ಅನ್ನುವ ಹೊಟ್ಟೆ ಶೇಂಗಾ ಹೋಳಿಗೆಗೆ ಏನೂ ಅನ್ನೋದಿಲ್ಲ. ಸರ್ರನೆ ಇಳಿಯುತ್ತದೆ. ಎಣ್ಣೆ ಕಲಸಿದ ಚಟ್ನಿಪುಡಿಯೂ ಅಷ್ಟೇ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ. ಹೋಳಿಗೆ ಅರ್ಧ ತಿಂದೆ, ಸುಳ್ಳು ಯಾಕೆ ಹೇಳಲಿ.

ಈಗ ಸುಮ್ನೆ ಗಡಿಯಾರ ನೋಡುತ್ತಾ ಕೂತಿದ್ದೇನೆ. ಊಟ ಆಗಿ ಅರ್ಧ ಗಂಟೆ ಏನೂ ಕುಡಿಯೋ ಹಾಗಿಲ್ಲ. ಅತ್ತೆ ಆಗಲೇ ಮಜ್ಜಿಗೆ ತಂಬಿಗೆ ಹಿಡಿದು ಬರುತ್ತಿದ್ದಾರೆ.