ಸ್ಟ್ರಮ್ ಬಾಕ್ಸ್‌ಗೆ ಆ ಹೆಸರು ಎಲ್ಲಿಂದ ಬಂತು?

ಹಡಗಿನ ಎಂಜಿನ್ ರೂಮಿಗೆ ಹೊಸದಾಗಿ ಬರುವ ಹುಡುಗರಿಗೆ ಮೊದಲು ಸಿಗುವ ಕೆಲಸ ಬಿಲ್ಜ್, ಅಂದರೆ ಸೋರಿದ ನೀರು ಬಂದು ಸೇರುವ ಹಡಗಿನ ತಳಭಾಗ, ಶುಚಿ ಮಾಡುವುದು. ತಳದ ಹೊಲಸು ನೀರಿಗೆ ಕೈ ಹಾಕಿ, ಪೈಪಿನ ತುದಿಯ ತೂತುಪೆಟ್ಟಿಗೆಯಿಂದ ಚಿಂದಿ ಕೀಳುತ್ತಾ ಕೇಳುತ್ತಾರೆ: "ಸರ್, ಇದಕ್ಕೇಕೆ ಸ್ಟ್ರಮ್ ಬಾಕ್ಸ್ ಅನ್ನುವುದು? ಸ್ಟ್ರಮ್ ಅಂದರೆ ಗಿಟಾರಿನ ತಂತಿ ಮೀಟುವುದಲ್ಲವೇ? ಗಿಟಾರಿಗೂ ಇದಕ್ಕೂ ಏನು ಸಂಬಂಧ?"

ಗಿಟಾರಿಗಲ್ಲ, ಬಿಯರಿಗೆ ಸಂಬಂಧ ಎಂದಾಗ ಮುಖಗಳು ಅರಳುತ್ತವೆ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಿಂದೆ ಬಿಯರನ್ನು ಮನೆಯಲ್ಲೇ ತಯಾರಿಸುತ್ತಿದ್ದರು. ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿದ ಬಾರ್ಲಿಯನ್ನು ಮರದ ಬಾನಿಗೆ ಸುರಿದು ಬಿಸಿನೀರು ಹೊಯ್ದು ಬಿಟ್ಟರೆ ನೀರು ಸಿಹಿಯಾಗುತ್ತದೆ. ಆ ಸಿಹಿನೀರು ಬಾನಿಯ ತೂಬಿನಿಂದ ಇಳಿಯಬೇಕು, ನುಚ್ಚು ಮಾತ್ರ ಒಳಗೇ ನಿಲ್ಲಬೇಕು. ಅದಕ್ಕೆಂದೇ ತೂಬಿನ ಬಾಯಿಗೆ ಕಡ್ಡಿಯಲ್ಲಿ ಹೆಣೆದ ಉದ್ದನೆಯ ಬುಟ್ಟಿಯೊಂದನ್ನು ಇಡುತ್ತಿದ್ದರು. ಮಲೆನಾಡಿನಲ್ಲಿ ಮೀನು ಹಿಡಿಯುವ ಕೂಣಿಯನ್ನು ಕಂಡವರಿಗೆ ಅದರ ರೂಪ ಕಣ್ಣಿಗೆ ಕಟ್ಟೀತು. ಲಿಂಕನ್‌ಶೈರ್ ಕಡೆಯವರಿಗೆ ಅದು ಸ್ಟ್ರಮ್; ನೈಋತ್ಯದ ಡೆವನ್, ಸಾಮರ್‌ಸೆಟ್ ಕಡೆಯವರಿಗೆ ಹಕ್‌ಮಕ್. ನನಗೆ ಹೆಚ್ಚು ಹಿಡಿಸುವುದು ಹಕ್‌ಮಕ್. ಪಾಪ, ಹಡಗು ಹತ್ತುವ ಯೋಗ ಅದಕ್ಕೆ ಇರಲಿಲ್ಲ.

ಸ್ಟ್ರಮ್ ಮಾತ್ರ ಗಣಿಗೂ ಇಳಿಯಿತು, ಹಡಗನ್ನೂ ಹತ್ತಿತು. 1712ರಲ್ಲಿ ಥಾಮಸ್ ನ್ಯೂಕಾಮನ್ ಎಂಬಾತ ಕಟ್ಟಿದ ಉಗಿಯಂತ್ರ ಇಂಗ್ಲೆಂಡಿನ ಡಡ್ಲಿ ಬಳಿಯ ಕಲ್ಲಿದ್ದಲು ಗಣಿಯ ನೀರೆತ್ತಿತು. ಆಮೇಲೆ ಗಣಿಗಳು ಆಳಕ್ಕೆ ಹೋದಂತೆ ಪಂಪುಗಳ ಮೇಲಿನ ಭಾರವೂ ಹೆಚ್ಚಿತು. ಕಲ್ಲುಚೂರು, ಮರದ ಸಿಬಿರು ಕವಾಟಕ್ಕೆ ಸಿಕ್ಕಿಕೊಂಡರೆ ಕೆಲಸ ಕೆಟ್ಟಂತೆಯೇ. ಹಾಗಾಗಿ ನೀರು ಸೇದುವ ತುದಿಗೆ ತೂತುಗಳ ಕಬ್ಬಿಣದ ಜಾಲರಿ. ಬೆತ್ತದಂಥ ಕಡ್ಡಿ ಹೋಗಿ ಕಬ್ಬಿಣ ಬಂದರೂ ಹೆಸರು ಬದಲಾಗಲಿಲ್ಲ. ಮಾಡುವ ಕೆಲಸ ಒಂದೇ ಆಗಿದ್ದರಿಂದ ಹೊಸ ಹೆಸರಿಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ ಎಂದು ನನ್ನ ಊಹೆ. ಆ ತೂತುಗಳನ್ನು ಗಣಿಯವರು 'ಗೊರಕೆ ತೂತು' ಎಂದೂ ಕರೆಯುತ್ತಿದ್ದರು. ನೀರು ತಗ್ಗಿ ಗಾಳಿ ನುಗ್ಗಿದೊಡನೆ ಪಂಪು ಗೊರಕೆ ಹೊಡೆಯುತ್ತಿತ್ತು. ಬಿಲ್ಜ್ ಬರಿದಾದಾಗ ನಮ್ಮ ಪಂಪು ಮಾಡುವ ಸದ್ದೂ ಅದೇ; ಅದು ಕೇಳಿಸಿದರೆ ಓಡಿಹೋಗಿ ವಾಲ್ವ್ ಮುಚ್ಚಬೇಕು.

ಹುಡುಗರ ಮುಂದಿನ ಪ್ರಶ್ನೆ, ಇಷ್ಟೊಂದು ತೂತು ಏಕೆ ಎಂಬುದು. ಒಂದೊಂದು ತೂತು ಸುಮಾರು 10 ಮಿಲಿಮೀಟರ್ ಇರಬೇಕು, ಎಲ್ಲವೂ ಸೇರಿ ಪೈಪಿನ ಬಾಯಿಯ ಎರಡರಷ್ಟಾದರೂ ವಿಸ್ತೀರ್ಣ ಇರಬೇಕು ಎಂಬುದು ಹಡಗಿನ ನಿಯಮ. ಅರ್ಧ ತೂತುಗಳಿಗೆ ಚಿಂದಿ ಮೆತ್ತಿಕೊಂಡರೂ ಪೈಪು ತುಂಬ ನೀರು ಬರಬೇಕಲ್ಲ!