“ಪ್ರಾಜೆಕ್ಟ್‌ಗೆ ಒಂದು ಲಿಂಕ್ ಕಳುಹಿಸಿ” ಎನ್ನುವವರಿಗೆ

“ಮೇಡಂ, ಮಗಳ ಹಿಸ್ಟರಿ ಪ್ರಾಜೆಕ್ಟ್‌ಗೆ ಬೆಂಗಳೂರು ಕೋಟೆಯ ಮಾಹಿತಿ ಬೇಕಿತ್ತು. ಲಿಂಕ್ ಇದ್ದರೆ ಕಳುಹಿಸಿ, ನಾಳೆಯೇ ಕೊಡಬೇಕು.” ಇತಿಹಾಸ ಪಾಠ ಮಾಡಿ ನಿವೃತ್ತಳಾದ ನನಗೆ ಇಂಥ ಸಂದೇಶಗಳು ತಪ್ಪಿದ್ದಿಲ್ಲ. ಕೇಳುವವರು ತಂದೆ ಇಲ್ಲವೇ ತಾಯಿ. ಮಗು ಕೇಳುವುದು ಅಪರೂಪ.

ಲಿಂಕ್ ಕಳುಹಿಸುವುದಿಲ್ಲ. ಕಳುಹಿಸಿದರೆ ಏನಾಗುತ್ತದೆಂದು ಬಲ್ಲೆ. ಮೊದಲೆರಡು ಪ್ಯಾರಾ ಹಾಗೆಯೇ ಚಾರ್ಟ್ ಪೇಪರಿಗೆ ಇಳಿಯುತ್ತವೆ, ಬೀದಿ ಕೊನೆಯ ಜೆರಾಕ್ಸ್ ಅಂಗಡಿಯಿಂದ ಎರಡು ಕಲರ್ ಪ್ರಿಂಟ್ ಬರುತ್ತವೆ, ಸುತ್ತ ಸ್ಕೆಚ್ ಪೆನ್ನಿನ ಬಾರ್ಡರ್. ಕೆಂಪೇಗೌಡರು ಕಟ್ಟಿಸಿದ್ದ ಮಣ್ಣಿನ ಕೋಟೆಯನ್ನು 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ ಎಂದು ಬರೆದಿರುತ್ತದೆ. ಅದು ನಮಗೆ ಹೇಗೆ ಗೊತ್ತಾಯಿತು ಎಂದು ಕೇಳಿ ನೋಡಿ, ಮನೆಮಂದಿಯೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ. ಅಂತರ್ಜಾಲದ ಮೇಲೆ ನನಗೆ ಹಗೆಯಿಲ್ಲ. ಯಾರು ಬರೆದರು, ಯಾವಾಗ ಬರೆದರು, ಯಾರ ಪರವಾಗಿ ಬರೆದರು ಎಂದು ನೋಡದೆ ಎತ್ತಿಕೊಳ್ಳುವುದನ್ನು ಮಾತ್ರ ಸಹಿಸಲಾರೆ.

ಒಮ್ಮೆ ಎಂಟನೇ ತರಗತಿಯ ಮಕ್ಕಳನ್ನು ಕೆ.ಆರ್. ಮಾರುಕಟ್ಟೆ ಪಕ್ಕದ ಕೋಟೆಗೆ ಕರೆದೊಯ್ದಿದ್ದೆ. ಎಲ್ಲರೂ ದೆಹಲಿ ಬಾಗಿಲಿನ ಬಳಿ ಗುಂಪುಗೂಡಿದ್ದರೆ, ಒಬ್ಬ ಹುಡುಗಿ ಗೋಡೆಯ ಇಂಗ್ಲಿಷ್ ಫಲಕದ ಮುಂದೆ ನಿಂತು ಅಕ್ಷರಕ್ಷರ ಬರೆದುಕೊಳ್ಳುತ್ತಿದ್ದಳು. ಗೋಡೆಯ ಈ ಒಡಕಿನಿಂದ ಬ್ರಿಟಿಷರ ದಾಳಿ ನಡೆಯಿತು, 1791 ಮಾರ್ಚ್ 21 ಎಂದು ಅದರಲ್ಲಿದೆ. ಬರೆದು ಮುಗಿಸಿ ಕೇಳಿದಳು: “ಮಿಸ್, ಇದು ಹೊರಗಿನಿಂದ ನುಗ್ಗಿದವರ ಮಾತು. ಒಳಗಿದ್ದವರು ಏನು ಹೇಳಿದರು?”

ಈ ಪ್ರಶ್ನೆಯನ್ನು ಕೇಳಿ, ಮಧ್ಯರಾತ್ರಿಯಾದರೂ ಎದ್ದು ಕುಳಿತು ಉತ್ತರಿಸುತ್ತೇನೆ. ಟಿಪ್ಪುವಿನ ಪರವಾಗಿ ಕೋಟೆ ಉಳಿಸಿಕೊಳ್ಳಲು ಹೋರಾಡಿ ಮಡಿದ ಕಿಲ್ಲೇದಾರ, ಅಂದರೆ ಕೋಟೆಯ ಮುಖ್ಯಾಧಿಕಾರಿ, ಬಹದ್ದೂರ್ ಖಾನನ ಹೆಸರು ಆ ಫಲಕದಲ್ಲಿಲ್ಲ. ಅವನ ಸಾವನ್ನು ಬರೆದಿಟ್ಟವರಲ್ಲಿ ದಾಳಿ ನಡೆಸಿದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆಯ ಅಧಿಕಾರಿಗಳೂ ಇದ್ದಾರೆ. ಮೈಸೂರಿನ ಕಡೆಯಿಂದ, ಹೈದರ್ ಮತ್ತು ಟಿಪ್ಪುವಿನ ಚರಿತ್ರೆಯನ್ನು ಪರ್ಷಿಯನ್ ಭಾಷೆಯಲ್ಲಿ ಬರೆದ ಕಿರ್ಮಾನಿ ಇದ್ದಾನೆ, ಇಂಗ್ಲಿಷ್ ಅನುವಾದವೂ ಸಿಗುತ್ತದೆ. ಆದರೆ ಅವನು ಬರೆದು ಮುಗಿಸಿದ್ದು ಟಿಪ್ಪು ಮಡಿದ ಮೇಲೆ, ಗೆದ್ದವರು ಆಳುತ್ತಿದ್ದಾಗ. ಹಾಗಾಗಿ ಅವನನ್ನೂ ಎಚ್ಚರದಿಂದಲೇ ಓದಬೇಕು. ಎರಡೂ ಕಡೆಯ ಕೆಲವು ಪುಟಗಳನ್ನು ಅವಳಿಗೆ ತಂದುಕೊಟ್ಟೆ. ಎಲ್ಲಿ ಹೊಂದುತ್ತವೆ, ಎಲ್ಲಿ ಹೊಂದುವುದಿಲ್ಲ ಎಂದು ತನ್ನದೇ ಮಾತಿನಲ್ಲಿ ಬರೆದು ತಂದಳು. ಬಣ್ಣದ ಚಿತ್ರ ಒಂದೂ ಇರಲಿಲ್ಲ. ನಾನು ತಿದ್ದಿದ ಪ್ರಾಜೆಕ್ಟ್‌ಗಳಲ್ಲಿ ಅದಕ್ಕಿಂತ ಒಳ್ಳೆಯದನ್ನು ಕಂಡಿಲ್ಲ.

ಹುಡುಕುವವರಿಗೆ ಬೆಂಗಳೂರಿನಲ್ಲಿ ಜಾಗಕ್ಕೆ ಬರವೇ? ಕಬ್ಬನ್ ಪಾರ್ಕಿನಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ನೃಪತುಂಗ ರಸ್ತೆಯಲ್ಲಿ 1909ರಲ್ಲಿ ಆರಂಭವಾದ ಇತಿಹಾಸ ಅಧ್ಯಯನದ ಸಂಸ್ಥೆ ಮಿಥಿಕ್ ಸೊಸೈಟಿ ಇದೆ. ನಿಮ್ಮ ಬಡಾವಣೆಯ ಶಾಸನ ಬೇಕಿದ್ದರೆ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟ ತೆಗೆಸಿ ನೋಡಿ. ಅಲ್ಲಿಗೆ ಹೋಗಿ “ಮಾಹಿತಿ ಬೇಕು” ಎಂದರೆ ಗ್ರಂಥಪಾಲಕರಾದರೂ ಏನು ಮಾಡಿಯಾರು? “1791ರ ಮುತ್ತಿಗೆಯನ್ನು ಕಣ್ಣಾರೆ ಕಂಡವರು ಬರೆದದ್ದು ಇದೆಯೇ?” ಎಂದು ಕೇಳಿ.

ನಾಳೆಯೇ ಕೊಡಬೇಕಾದ ಪ್ರಾಜೆಕ್ಟ್‌ಗೆ ನನ್ನ ಬಳಿ ಮದ್ದಿಲ್ಲ. ಹದಿನೈದು ದಿನ ಮೊದಲು ಫೋನ್ ಮಾಡಿ, ಮಾತನಾಡಲು ಮಗುವಿನ ಕೈಗೇ ಕೊಡಿ.