ಸಾಲ್ವಡಾರ್‌ನ ಅಲಸಂದೆ ವಡೆ

ಬ್ರೆಜಿಲ್ ಅಂದರೆ ಎಲ್ಲರೂ ಫುಟ್‌ಬಾಲ್, ಕಾರ್ನಿವಲ್ ಅಂತಾರೆ. ನನಗೆ ಮಾತ್ರ ಅಲ್ಲಿನ ನಗರ ಸಾಲ್ವಡಾರ್‌ನ ರಿಯೊ ವರ್ಮೆಲ್ಯೊ ಬಡಾವಣೆಯ ಎಣ್ಣೆ ಬಾಣಲೆಯೇ ನೆನಪಾಗುತ್ತದೆ.

ಸಂಜೆಯಾದರೆ ಬಿಳಿ ಲಂಗ, ತಲೆಗೆ ಬಿಳಿ ವಸ್ತ್ರ, ಕೊರಳಲ್ಲಿ ಮಣಿಸರ ಹಾಕಿಕೊಂಡ ಹೆಂಗಸರು ಅಲ್ಲಿ ಅಕರಜೆ ಎಂಬ ಅಲಸಂದೆ ವಡೆ ಕರಿಯುತ್ತಾರೆ. ನೆನೆಸಿ ಸಿಪ್ಪೆ ತೆಗೆದ ಅಲಸಂದೆ, ಈರುಳ್ಳಿ, ಉಪ್ಪು. ಇಷ್ಟೇ ಹಿಟ್ಟು. ಅದನ್ನು ಮರದ ಚಮಚದಲ್ಲಿ ಚೆನ್ನಾಗಿ ಬಡಿದು, ಕೆಂಪಗಿರುವ ತಾಳೆ ಎಣ್ಣೆಗೆ ಬಿಡುತ್ತಾರೆ. ಬೆಂದ ಮೇಲೆ ಸೀಳಿ, ಒಳಗೆ ವತಪಾ ಎಂಬ ಗಟ್ಟಿ ಗೊಜ್ಜು, ಬೆಂಡೆಕಾಯಿ ಪಲ್ಯ, ಒಣ ಸೀಗಡಿ ತುಂಬುತ್ತಾರೆ. ಸೀಗಡಿ ಬೇಡ ಅಂದರೆ ಬಿಡುತ್ತಾರೆ, ಆದರೆ ವತಪಾದಲ್ಲೂ ಸೀಗಡಿ ಇರುತ್ತದೆ. ಸಸ್ಯಾಹಾರಿಗಳೇ, ಹುಷಾರು! ಖಾರ ಮಾತ್ರ ಕೇಳಿ ಹಾಕಿಸಿಕೊಳ್ಳಿ, ಅದಿಲ್ಲದಿದ್ದರೆ ಸಪ್ಪೆ.

ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರ ತಿಂಡಿ ಇದು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ಕಾನೂನು ಪ್ರಕಾರ ನಿಂತಿದ್ದು 1888ರಲ್ಲಿ, ಎಷ್ಟು ತಡ ಅಲ್ವಾ? ಆಫ್ರಿಕಾ ಮೂಲದ ಕಾಂದೊಂಬ್ಲೆ ಧರ್ಮದಲ್ಲಿ ಗಾಳಿ, ಸಿಡಿಲಿನ ದೇವತೆ ಇಯಾನ್ಸಾಗೆ ಇದೇ ನೈವೇದ್ಯ. ಈ ಹೆಂಗಸರ ಕಸುಬಿಗೆ 2005ರಲ್ಲಿ ಸರ್ಕಾರ ರಾಷ್ಟ್ರೀಯ ಪರಂಪರೆಯ ಮಾನ್ಯತೆ ಕೊಟ್ಟಿತು. ಕ್ಯೂ ಮಾತ್ರ ಉದ್ದ ಇರುತ್ತದೆ, ಹಸಿವಾಗುವ ಮುಂಚೆಯೇ ಹೋಗಿ ನಿಲ್ಲಿ.